ಡಿಫ್ರಾಗ್ ಮೇಲೊಂದು ಸುಳ್ಳು ಕೇಸು

ಹಾಸನದವರಿಗೆ ಸಾಲಗಾಮೆ ಎಂದರೆ ಒಂದು ರಸ್ತೆ. ಕಾಲೇಜು, ಹಾಸ್ಟೆಲ್, ಪಿ.ಜಿ., ಜೆರಾಕ್ಸ್ ಅಂಗಡಿಗಳ ರಸ್ತೆ. ನನಗೆ ಮಾತ್ರ ಸಾಲಗಾಮೆ ಎಂದರೆ ಊರು. ಬೆಳಗ್ಗೆ ಬಸ್ಸು ಹಿಡಿದು ಹಾಸನಕ್ಕೆ ಬಿಇ ಓದಲು ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವುದು. ಊರಲ್ಲಿ ನಮ್ಮ ಚಿಕ್ಕಪ್ಪನದೊಂದು ಪುಟ್ಟ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಜೆರಾಕ್ಸ್, ನುಡಿಯಲ್ಲಿ ಲಗ್ನಪತ್ರಿಕೆ ಟೈಪಿಂಗ್, ಸೀಸನ್ ಬಂದರೆ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ. ಇಡೀ ವ್ಯವಹಾರ ನಿಂತಿರುವುದು ಒಂದು ಹಳೆಯ ಅಸೆಂಬಲ್ಡ್ ಕಂಪ್ಯೂಟರಿನ ಮೇಲೆ. ಅದರೊಳಗೆ ಎರಡು ಹಾರ್ಡ್‌ಡಿಸ್ಕ್: ವಿಂಡೋಸ್‌ಗೆ ಒಂದು, ಫೋಟೊಗಳಿಗೆ ಇನ್ನೊಂದು.

ಊರಲ್ಲಿ ಬಿಇ ಓದುವವನೆಂದರೆ ಮಿಕ್ಸಿಯಿಂದ ಹಿಡಿದು ಪಂಪ್‌ಸೆಟ್‌ವರೆಗೆ ಏನನ್ನು ಬೇಕಾದರೂ ರಿಪೇರಿ ಮಾಡುತ್ತಾನೆಂಬ ನಂಬಿಕೆ. ನಾನೋ ಕಂಪ್ಯೂಟರ್ ಸೈನ್ಸ್. ‘ಲೋ ಮಗಾ, ಇದು ಎತ್ತಿನಗಾಡಿ ಥರಾ ಆಗೈತೆ. ರಜಾ ಐತಲ್ಲ, ಒಸಿ ನೋಡು’ ಅಂದರು ಚಿಕ್ಕಪ್ಪ. ಸೆಮಿಸ್ಟರ್ ರಜೆ, ಬೇರೆ ಕೆಲಸವೂ ಇರಲಿಲ್ಲ. ನೋಡಿದೆ. ನೋಡಿ ಹಾಳು ಮಾಡಿದೆ. ಅದರ ಕಥೆ ಇದು.

ನಾನು ಮಾಡಿದ ಘನಕಾರ್ಯ

ಆ ಭಾನುವಾರ ಎರಡು ಕೆಲಸ ಮಾಡಿದೆ. ಬೆಂಗಳೂರಿಗೆ ಹೋದಾಗ ಕಡಿಮೆ ಬೆಲೆಗೆ ತಂದಿದ್ದ 4 ಜಿಬಿ ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಪಟ್ಟಿಯೊಂದನ್ನು ಮದರ್‌ಬೋರ್ಡಿನ ಖಾಲಿ ಸ್ಲಾಟಿಗೆ ಸಿಕ್ಕಿಸಿದೆ. ಕಂಪ್ಯೂಟರ್ ಆನ್ ಆಯಿತು, 4 ಜಿಬಿ ಇದ್ದದ್ದು 8 ಜಿಬಿ ಎಂದು ತೋರಿಸಿತು. ‘ನೋಡಿ ಚಿಕ್ಕಪ್ಪ, ಡಬಲ್!’ ಎಂದು ಬೀಗಿದೆ. ಆಮೇಲೆ ಎರಡೂ ಡಿಸ್ಕ್‌ಗಳನ್ನು ಡಿಫ್ರಾಗ್ ಮಾಡಲು ಬಿಟ್ಟು ಮನೆಗೆ ಬಂದು ಮುದ್ದೆ ಉಂಡು ಮಲಗಿದೆ. ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಬೆಳಗ್ಗೆ ಹೋಗಿ ಮತ್ತೆ ಡಿಫ್ರಾಗ್ ಶುರು ಮಾಡಿ ಮುಗಿಸಿದೆ. ಕಂಪ್ಯೂಟರ್ ನಿಜಕ್ಕೂ ಚುರುಕಾಗಿತ್ತು.

ಮೂರನೇ ದಿನ ಚಿಕ್ಕಪ್ಪನ ಫೋನ್. ‘ಬಾರೋ ಇಲ್ಲಿ’. ಅಷ್ಟೇ. ಅವರು ‘ಮಗಾ’ ಎನ್ನದೆ ಕರೆದರೆ ಏನೋ ಆಗಿದೆ ಎಂದೇ ಅರ್ಥ.

ಪಕ್ಕದೂರಿನ ಒಂದು ಮದುವೆಯ ಆಲ್ಬಮ್ ಆ ವಾರ ಪ್ರಿಂಟಿಗೆ ಹೋಗಬೇಕಿತ್ತು. 1,240 ಫೋಟೊಗಳಲ್ಲಿ 61 ಕೆಟ್ಟಿದ್ದವು. ಕೆಲವು ತೆರೆಯುತ್ತಲೇ ಇರಲಿಲ್ಲ. ಕೆಲವುಗಳಲ್ಲಿ ಮೇಲರ್ಧ ಸರಿ, ಕೆಳಗೆ ಬರೀ ಬೂದು ಬಣ್ಣ. ಒಂದರಲ್ಲಿ ಮದುಮಗನ ಪೇಟದಿಂದ ಕೆಳಗೆ ಎಲ್ಲವೂ ಗುಲಾಬಿ. ಬೇರೊಂದು ಫೋಲ್ಡರಿನಲ್ಲಿ ನಮ್ಮ ಅಜ್ಜಿ ರಾಗಿ ಕಣದಲ್ಲಿ ಮೊರ ಹಿಡಿದು ನಗುತ್ತಿದ್ದ ಫೋಟೊ ಇತ್ತು. ಅಜ್ಜಿ ತೀರಿಕೊಂಡು ಎರಡು ವರ್ಷ. ಆ ಫೋಟೊದಲ್ಲಿ ಈಗ ಮುಖ ಇತ್ತು, ಮೊರ ಇರಲಿಲ್ಲ.

‘ಅದೇನೋ ಡಿಫ್ರಾಗ್ ಅಂದ್ಯಲ್ಲ, ಅದೇ ತಿಂದಾಕೈತೆ’ ಅಂದರು ಚಿಕ್ಕಪ್ಪ. ನನಗೂ ಹಾಗೇ ಅನ್ನಿಸಿತು.

ಬಸ್ಸಿನಲ್ಲಿ ಚದುರಿ ಕೂತ ಸಂಸಾರ

ಡಿಫ್ರಾಗ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ತುಂಬಿದ ಬಸ್ಸಿಗೆ ಐದು ಜನರ ಸಂಸಾರ ಹತ್ತಿತು ಅಂದುಕೊಳ್ಳಿ. ಎಲ್ಲಿ ಸೀಟು ಸಿಕ್ಕಿತೋ ಅಲ್ಲಿ ಕೂತರು: ಅಪ್ಪ ಮುಂದೆ, ಅಮ್ಮ ಮಧ್ಯೆ, ಮಕ್ಕಳು ಹಿಂದೆ. ಕಂಡಕ್ಟರ್ ಅವರೆಲ್ಲರನ್ನೂ ಎಣಿಸಬೇಕೆಂದರೆ ಬಸ್ಸಿಡೀ ಓಡಾಡಬೇಕು. ಹಾರ್ಡ್‌ಡಿಸ್ಕಿನಲ್ಲಿ ಫೈಲ್‌ಗಳೂ ಹೀಗೆಯೇ ತುಂಡುತುಂಡಾಗಿ ಕೂತಿರುತ್ತವೆ. ತಿರುಗುವ ತಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿ ಅವನ್ನು ಓದುವ ಹೆಡ್ಡೇ ಇಲ್ಲಿ ಕಂಡಕ್ಟರ್. ‘ಸ್ವಲ್ಪ ಅತ್ತ ಸರೀರಿ’ ಎಂದು ಉಳಿದವರನ್ನು ಎಬ್ಬಿಸಿ, ಸಂಸಾರವನ್ನು ಒಂದೇ ಕಡೆ ಕೂರಿಸುವುದೇ ಡಿಫ್ರಾಗ್. ವಿಂಡೋಸ್ 98 ಕಾಲದವರಿಗೆ ಪರದೆಯ ಮೇಲೆ ಬಣ್ಣದ ಚೌಕಗಳು ಸರಿದಾಡುತ್ತಿದ್ದ ದೃಶ್ಯ ನೆನಪಿರಬಹುದು. ವಿಸ್ತಾ ಬಂದ ಮೇಲೆ ವಿಂಡೋಸ್ ಇದನ್ನು ತಾನಾಗಿಯೇ ವಾರಕ್ಕೊಮ್ಮೆ ಮಾಡಿಕೊಳ್ಳತೊಡಗಿತು. ಹೊಸ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿಯಲ್ಲಿ ಓಡಾಡುವ ಹೆಡ್ಡೇ ಇಲ್ಲ. ಅದಕ್ಕೆ ಡಿಫ್ರಾಗ್ ಬೇಕಿಲ್ಲ, ಮಾಡಿದರೆ ಆಯಸ್ಸು ಸವೆಯುತ್ತದೆ ಅಷ್ಟೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಡಿಫ್ರಾಗ್ ಮಾಡುವಾಗ ಸಾವಿರಾರು ಫೈಲ್‌ಗಳು ಡಿಸ್ಕಿನಿಂದ ಎದ್ದು, ರ‍್ಯಾಮ್ ಮೂಲಕ ಹಾದು, ಮತ್ತೆ ಡಿಸ್ಕಿನ ಇನ್ನೊಂದು ಜಾಗದಲ್ಲಿ ಕೂರುತ್ತವೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಫೈಲ್ ಕೂಡ ಒಂದೇ ರಾತ್ರಿಯಲ್ಲಿ ಜಾಗ ಬದಲಿಸುತ್ತದೆ.

ಆರೋಪಿಗಳ ಪಟ್ಟಿ

ನನ್ನ ಮೊದಲ ಅನುಮಾನ ಕರೆಂಟಿನ ಮೇಲೆ. ಆದರೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಡಿಫ್ರಾಗ್ ಒಂದು ತುಂಡನ್ನು ಮೊದಲು ಖಾಲಿ ಜಾಗಕ್ಕೆ ನಕಲು ಮಾಡುತ್ತದೆ. ಅದು ಮುಗಿದ ಮೇಲಷ್ಟೇ ಫೈಲಿನ ವಿಳಾಸ ಬದಲಿಸಿ ಹಳೆಯ ಜಾಗ ಖಾಲಿ ಮಾಡುತ್ತದೆ. ಮಧ್ಯೆ ಕರೆಂಟ್ ಹೋದರೂ ಹಳೆಯದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕೆಟ್ಟರೆ ಆ ಕ್ಷಣದಲ್ಲಿ ಸರಿಯುತ್ತಿದ್ದ ಒಂದೆರಡು ಫೈಲ್ ಕೆಡಬಹುದು, ಡಿಸ್ಕಿನ ತುಂಬಾ ಚದುರಿದ 61 ಫೋಟೊ ಅಲ್ಲ.

ಎರಡನೆಯ ಅನುಮಾನ ವೈರಸ್ ಮೇಲೆ. ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಮೇಲಾಗಿ ಕೆಟ್ಟ ಫೈಲ್‌ಗಳ ಗಾತ್ರ ಬದಲಾಗಿರಲಿಲ್ಲ, ಕೊನೆಯ ಸಲ ತಿದ್ದಿದ ದಿನಾಂಕವೂ ಮದುವೆ ವಾರದ್ದೇ. ಯಾವ ಪ್ರೋಗ್ರಾಮೂ ಅವನ್ನು ತೆರೆದು ತಿದ್ದಿದಂತೆ ಕಾಣಲಿಲ್ಲ.

ಮೂರನೆಯದು ಹಾರ್ಡ್‌ಡಿಸ್ಕ್. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆ. ಕೆಟ್ಟು ಬದಲಿಸಿದ ಸೆಕ್ಟರ್ ಸೊನ್ನೆ, ಓದಲಾಗದೆ ಬಾಕಿ ಉಳಿದ ಸೆಕ್ಟರ್ ಸೊನ್ನೆ, ಕೇಬಲ್ ದೋಷ ತೋರಿಸುವ ಸಿಆರ್‌ಸಿ ಲೆಕ್ಕವೂ ಸೊನ್ನೆ. ಎರಡೂ ಡಿಸ್ಕ್ ಚೆನ್ನಾಗಿಯೇ ಇದ್ದವು. ಚೆಕ್‌ಡಿಸ್ಕ್ ಕೂಡ ದೋಷವಿಲ್ಲ ಎಂದಿತು. ಅದು ಫೈಲ್ ಎಲ್ಲಿದೆ, ಎಷ್ಟು ಉದ್ದವಿದೆ ಎಂಬ ಪಟ್ಟಿಯನ್ನು ನೋಡುತ್ತದೆಯೇ ಹೊರತು ಒಳಗಿರುವುದು ಸರಿಯೋ ತಪ್ಪೋ ಎಂದು ನೋಡುವುದಿಲ್ಲ. ಹಾಜರಿ ಪುಸ್ತಕ ಸರಿಯಿದ್ದರೆ ಕ್ಲಾಸಿನಲ್ಲಿ ಎಲ್ಲರೂ ಪಾಠ ಕೇಳಿದರು ಎಂದಾಗುತ್ತದೆಯೇ?

ಹಾಗಾದರೆ ಉಳಿದದ್ದು ಡಿಫ್ರಾಗ್ ಒಂದೇ ಎಂದು ಕೇಸು ಮುಚ್ಚಲು ಹೊರಟಿದ್ದೆ. ಆಗ ಕ್ಲಾಸಿನ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ: ‘ಆ ದಿನ ಇನ್ನೇನಾದ್ರೂ ಚೇಂಜ್ ಮಾಡಿದ್ಯಾ?’

ತೂತು ಚೀಲ

ಮಾಡಿದ್ದೆ. ಆದರೆ ನನ್ನ ರ‍್ಯಾಮ್ ಮೇಲೆ ನನಗೇ ಅನುಮಾನ ಬರುವುದುಂಟೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರು ದಿನದಿಂದ ನಾನು ಮಾಡುತ್ತಿದ್ದದ್ದು ಅದೇ.

ಗೆಳೆಯ ಹೇಳಿದಂತೆ ಒಂದು ಪರೀಕ್ಷೆ ಮಾಡಿದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡ್ ಯಾವ ಫೈಲ್ ಕೊಟ್ಟರೂ ಅದರ ‘ಹ್ಯಾಶ್’ ತೆಗೆದುಕೊಡುತ್ತದೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಳಗೆ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರಾ ಬೇರೆ. ಫೈಲ್ ಬದಲಾಗದಿದ್ದರೆ ನೂರು ಸಲ ತೆಗೆದರೂ ಅದೇ ಬರಬೇಕು. ಮದುವೆಯ ದೊಡ್ಡ ವಿಡಿಯೊ ಫೈಲ್ ಒಂದರ ಹ್ಯಾಶ್ ತೆಗೆದೆ. ರೀಸ್ಟಾರ್ಟ್ ಮಾಡಿ ಮತ್ತೆ ತೆಗೆದೆ. ಇನ್ನೊಮ್ಮೆ ತೆಗೆದೆ. ಮೂರು ಸಲಕ್ಕೆ ಮೂರು ಬೇರೆ ಬೇರೆ ಬೆರಳಚ್ಚು! ಯಾರೂ ಮುಟ್ಟದ ಫೈಲ್ ಪ್ರತಿ ಸಲ ಓದಿದಾಗಲೂ ಬೇರೆಯಾಗಿ ಕಾಣುತ್ತಿತ್ತು. ದೋಷ ಡಿಸ್ಕಿನಲ್ಲಿಲ್ಲ, ಡಿಸ್ಕಿನಿಂದ ಬರುವ ದಾರಿಯಲ್ಲಿದೆ.

ಅವತ್ತು ರಾತ್ರಿ ಪೆನ್‌ಡ್ರೈವಿಗೆ ಮೆಮ್‌ಟೆಸ್ಟ್86+ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಬೂಟ್ ಮಾಡಿ ಬಿಟ್ಟೆ. ಬೆಳಗ್ಗೆ ಹೋಗಿ ನೋಡಿದರೆ ಪರದೆಯಲ್ಲಿ ಕೆಂಪು ಸಾಲುಗಳು. ಹಳೆಯ ಪಟ್ಟಿಯನ್ನಷ್ಟೇ ಇಟ್ಟು ಪರೀಕ್ಷಿಸಿದೆ, ಒಂದೂ ದೋಷವಿಲ್ಲ. ನಾನು ತಂದ ಪಟ್ಟಿಯನ್ನಷ್ಟೇ ಇಟ್ಟೆ, ಕೆಂಪು. ಚಿನ್ನದ ಬಣ್ಣದ ತುದಿಗಳನ್ನು ರಬ್ಬರಿನಿಂದ ಒರೆಸಿದೆ, ಸ್ಲಾಟ್ ಬದಲಿಸಿದೆ. ಆದರೂ ಕೆಂಪು. ಕಳ್ಳ ಸಿಕ್ಕಿದ್ದ. ಮನೆಯೊಳಗೆ ಕರೆತಂದವನು ನಾನೇ.

ಚಿಕ್ಕಪ್ಪನಿಗೆ ಹೇಗೆ ಹೇಳುವುದು? ಅವರಿಗೆ ಅರ್ಥವಾಗುವ ಹಾಗೆಯೇ ಹೇಳಿದೆ. ‘ಈ ಕಣಜದಿಂದ ಆ ಕಣಜಕ್ಕೆ ರಾಗಿ ಸಾಗಿಸ್ತಾ ಇದ್ವಿ. ಕಣಜ ಎರಡೂ ಚೆನ್ನಾಗವೆ. ಹೊತ್ತವನೂ ಸರಿಯಾಗೇ ಹೊತ್ತ. ನಾನು ತಂದುಕೊಟ್ಟ ಗೋಣಿಚೀಲ ತೂತಾಗಿತ್ತು ಚಿಕ್ಕಪ್ಪ.’

ಅವರು ಒಂದು ಗಳಿಗೆ ಸುಮ್ಮನಿದ್ದು, ‘ಚೀಲ ಕೊಡೋಕೆ ಮುಂಚೆ ಬೆಳಕಿಗೆ ಹಿಡಿದು ನೋಡಬೇಕಲ್ವೇನೋ’ ಅಂದರು. ನಾಲ್ಕು ಸೆಮಿಸ್ಟರ್ ಓದಿ ನನಗೆ ಹೊಳೆಯದಿದ್ದ ಮಾತು ಅದು.

ಒಂದು ಬಿಟ್ ಏನು ಮಹಾ?

ಕಂಪ್ಯೂಟರಿನೊಳಗೆ ಇರುವುದು ಬರೀ 0 ಮತ್ತು 1. ಕೆಟ್ಟ ರ‍್ಯಾಮ್ ಮಾಡುವುದಿಷ್ಟೇ: ಯಾವುದೋ ಒಂದು ಜಾಗದಲ್ಲಿ 0 ಅನ್ನು 1 ಎಂದೋ 1 ಅನ್ನು 0 ಎಂದೋ ಹೇಳುವುದು. ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡದ್ದೇ ಉದಾಹರಣೆ ಕೊಡಬಹುದು. ಯೂನಿಕೋಡ್‌ನಲ್ಲಿ ‘ಕ’ ಮತ್ತು ‘ಗ’ ಅಕ್ಷರಗಳ ಸಂಕೇತಗಳ ನಡುವೆ ಒಂದೇ ಒಂದು ಬಿಟ್ ವ್ಯತ್ಯಾಸ. ಆ ಬಿಟ್ ತಿರುಗಿದರೆ ‘ಕಂಡ’ ಎನ್ನುವುದು ‘ಗಂಡ’ ಆಗುತ್ತದೆ. ಅಂಕಿಗಳಲ್ಲಿ ‘1’ ಮತ್ತು ‘9’ರ ನಡುವೆಯೂ ಒಂದೇ ಬಿಟ್. 1500 ರೂಪಾಯಿ ಬಾಕಿ 9500 ಆಗಲು ಅಷ್ಟು ಸಾಕು. ಜೆಪೆಗ್ ಫೋಟೊದಲ್ಲಿ ಒಂದರ ಹಿಂದೆ ಒಂದು ಸರಪಳಿಯಂತೆ ಮಾಹಿತಿ ಹೆಣೆದಿರುವುದರಿಂದ ಒಂದು ಬಿಟ್ ತಪ್ಪಿದರೆ ಅಲ್ಲಿಂದ ಕೆಳಗೆ ಬಣ್ಣವೆಲ್ಲ ಹಳಿ ತಪ್ಪಬಹುದು. ಅಜ್ಜಿಯ ಮೊರ ಹೋದದ್ದು ಹಾಗೆ.

ಇದು ನನ್ನೊಬ್ಬನ ದುರದೃಷ್ಟವೂ ಅಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್ ಎಂಬಲ್ಲಿ ಎಲೆಕ್ಟ್ರಾನಿಕ್ ಮತದಾನದ ಎಣಿಕೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿತ್ತು. ಮರುಎಣಿಕೆ ಮಾಡಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096 ಮತ. 2ನ್ನು 12 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ತಿರುಗಿರಬೇಕೆಂದು ತಜ್ಞರು ಊಹಿಸಿದರು. 2009ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಎಂಜಿನಿಯರ್‌ಗಳು ಗೂಗಲ್‌ನ ಸರ್ವರ್‌ಗಳನ್ನು ಅಧ್ಯಯನ ಮಾಡಿದಾಗ, ವರ್ಷವೊಂದರಲ್ಲಿ ಶೇ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇರುತ್ತದೆ. ನಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾರ್ಡ್‌ಡಿಸ್ಕಿಗೂ ತನ್ನ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಇದೆ. ಆದರೆ ರ‍್ಯಾಮ್ ತಪ್ಪಾಗಿ ಕೊಟ್ಟದ್ದನ್ನು ಅದು ಸರಿಯೆಂದೇ ನಂಬಿ ಜೋಪಾನವಾಗಿ ಕಾಪಾಡುತ್ತದೆ.

ಹೋದದ್ದು, ಸಿಕ್ಕಿದ್ದು

ಕೆಟ್ಟ ಪಟ್ಟಿ ತೆಗೆದ ಮೇಲೆ ಒಂದು ಆಶ್ಚರ್ಯ ಕಾದಿತ್ತು. 61 ಫೋಟೊಗಳಲ್ಲಿ 24 ತಾವಾಗಿಯೇ ಸರಿಯಾಗಿ ತೆರೆದುಕೊಂಡವು. ಅವು ಡಿಸ್ಕಿನಲ್ಲಿ ಕೆಟ್ಟೇ ಇರಲಿಲ್ಲ, ಓದುವಾಗ ಮಾತ್ರ ಕೆಟ್ಟಂತೆ ಕಾಣುತ್ತಿದ್ದವು. ನಾನು ಅವಸರಪಟ್ಟು ಯಾವುದೋ ರಿಪೇರಿ ಸಾಫ್ಟ್‌ವೇರ್ ಓಡಿಸಿ ಸೇವ್ ಮಾಡಿದ್ದರೆ ಅವೂ ನಿಜವಾಗಿಯೇ ಕೆಡುತ್ತಿದ್ದವು.

ಉಳಿದವು 37. ಆಲ್ಬಮ್‌ಗೆ ಆರಿಸಲೆಂದು ಹುಡುಗಿ ಮನೆಯವರಿಗೆ ಚಿಕ್ಕಪ್ಪ ಒಂದಷ್ಟು ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರು. ಅದರಲ್ಲಿ 26 ಸಿಕ್ಕವು. ಕ್ಯಾಮೆರಾ ಕಾರ್ಡನ್ನು ಆಗಲೇ ಫಾರ್ಮ್ಯಾಟ್ ಮಾಡಿ ಒಂದು ನಾಮಕರಣಕ್ಕೆ ಬಳಸಿಯಾಗಿತ್ತು. ಆದರೂ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಅದರಿಂದ 4 ಹುಡುಕಿಕೊಟ್ಟಿತು. 7 ಮಾತ್ರ ಎಲ್ಲೂ ಸಿಗಲಿಲ್ಲ. ಆ ಏಳರಲ್ಲಿ ಧಾರೆಯ ಫೋಟೊಗಳೂ ಇದ್ದವು.

ಚಿಕ್ಕಪ್ಪ ಸುಳ್ಳು ಹೇಳಬಹುದಿತ್ತು. ‘ಕ್ಯಾಮೆರಾ ಕೈಕೊಡ್ತು’ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ನನ್ನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಆ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನ್ನ ಹೆಸರನ್ನು ಅವರು ಎತ್ತಲಿಲ್ಲ. ನಾನೇ ಬಾಯಿಬಿಟ್ಟು, ‘ತಪ್ಪು ನಂದು’ ಅಂದೆ. ಹುಡುಗಿಯ ತಂದೆ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಧಾರೆ ಎರೆದ ಕೈ ನಂದೇ, ನಂಗೆ ನೆನಪೈತೆ. ಮಗಳಿಗೆ ಮಾತ್ರ ನೀವೇ ಹೇಳ್ರಪ್ಪ’ ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಕೊನೆಗೆ ವಿಡಿಯೊದಿಂದ ಧಾರೆಯ ಒಂದು ಚಿತ್ರ ತೆಗೆದು ಆಲ್ಬಮ್‌ಗೆ ಹಾಕಿದೆವು. ಸ್ವಲ್ಪ ಮಸುಕಾಗಿದೆ. ಚಿಕ್ಕಪ್ಪ ಎರಡು ಸಾವಿರ ರೂಪಾಯಿ ವಾಪಸ್ ಕೊಟ್ಟರು.

ಅಜ್ಜಿಯ ಫೋಟೊ? ಅದು ಅತ್ತೆಯ ಮೊಬೈಲಿನಲ್ಲಿ ಸಿಕ್ಕಿತು. ಎಂದೋ ಫ್ಯಾಮಿಲಿ ಗ್ರೂಪಿನ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡಿದ್ದೆವು. ಗಾತ್ರ ಕುಗ್ಗಿದೆ, ದೊಡ್ಡ ಪ್ರಿಂಟಿಗೆ ಬರುವುದಿಲ್ಲ. ಆದರೆ ಮೊರ ಇದೆ.

ನಿಮಗೂ ಹೀಗಾದರೆ

ಗೆಳೆಯರೇ, ಪ್ರಾಜೆಕ್ಟ್ ರಿಪೋರ್ಟ್, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್, ರೆಸ್ಯುಮೆ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡವರು ನಾವು. ನಾನು ಕಲಿತದ್ದನ್ನು ಕ್ರಮವಾಗಿ ಹೇಳಿಬಿಡುತ್ತೇನೆ.

ಫೈಲ್ ಕೆಟ್ಟದ್ದು ಕಂಡ ಕೂಡಲೇ ಕೈ ಕಟ್ಟಿ ಕೂರಿ. ಹೊಸದಾಗಿ ಏನನ್ನೂ ಸೇವ್ ಮಾಡಬೇಡಿ, ಮತ್ತೆ ಡಿಫ್ರಾಗ್ ಬೇಡ, ಸಿಕ್ಕ ಸಿಕ್ಕ ರಿಪೇರಿ ಸಾಫ್ಟ್‌ವೇರ್ ಬೇಡ. ಹಿಂದಿನ ಕೆಲವು ದಿನಗಳಲ್ಲಿ ಏನೇನು ಬದಲಿಸಿದಿರಿ ಎಂಬುದನ್ನು ಹಾಳೆಯ ಮೇಲೆ ಬರೆಯಿರಿ.

ಮೊದಲು ರ‍್ಯಾಮ್ ಪರೀಕ್ಷಿಸಿ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಇದೆ. ಮೆಮ್‌ಟೆಸ್ಟ್ ಅನ್ನು ಇಡೀ ರಾತ್ರಿ ಓಡಿಸಿದರೆ ಇನ್ನೂ ಒಳ್ಳೆಯದು. ಪಟ್ಟಿ ಎರಡಿದ್ದರೆ ಒಂದೊಂದನ್ನೇ ಇಟ್ಟು ನೋಡಿ. ಅದು ಸರಿಯಿದ್ದರೆ ಡಿಸ್ಕಿನ ಸ್ಮಾರ್ಟ್ ಲೆಕ್ಕ, ಆಮೇಲೆ ಕೇಬಲ್. ಡಿಸ್ಕೇ ಕೆಟ್ಟಿರುವಂತೆ ಕಂಡರೆ, ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಬೇಕಾದ್ದನ್ನು ಮೊದಲು ಬೇರೆ ಕಡೆ ನಕಲು ಮಾಡಿಕೊಳ್ಳಿ. ಚೆಕ್‌ಡಿಸ್ಕ್‌ನ ರಿಪೇರಿ ಆಯ್ಕೆ ಕೊನೆಗಿರಲಿ. ರ‍್ಯಾಮ್ ಕೆಟ್ಟಿರುವಾಗ ಅದನ್ನು ಓಡಿಸಿದರೆ ಸರಿಯಿದ್ದದ್ದನ್ನೂ ‘ತಿದ್ದಿ’ ಹಾಳು ಮಾಡೀತು.

ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಸಲಕ್ಕೆ ಒಂದೇ ಬದಲಾವಣೆ. ನಾನು ರ‍್ಯಾಮ್ ಹಾಕಿದ ದಿನವೇ ಡಿಫ್ರಾಗ್ ಮಾಡದಿದ್ದರೆ ಇಷ್ಟು ಫೈಲ್‌ಗಳು ಒಟ್ಟಿಗೆ ಆ ತೂತು ಚೀಲದಲ್ಲಿ ಹಾದುಹೋಗುತ್ತಿರಲಿಲ್ಲ, ತಪ್ಪು ಯಾರದೆಂದು ಹುಡುಕಲು ಮೂರು ದಿನವೂ ಬೇಕಿರಲಿಲ್ಲ. ಲ್ಯಾಬಿನಲ್ಲಿ ಇದನ್ನೇ ಹೇಳಿಕೊಡುತ್ತಾರೆ. ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿ ನಾವು ಮರೆತುಬಿಡುತ್ತೇವೆ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ‘ನೀನು ಬಗೆಹರಿಸಿದ ಒಂದು ಸಮಸ್ಯೆ ಹೇಳು’ ಎಂದು ಕೇಳುತ್ತಾರಂತೆ. ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಸಮಸ್ಯೆ ಮಾಡಿದವನೂ ನಾನೇ ಎಂಬುದನ್ನೂ ಸೇರಿಸಿ.

ಶನಿವಾರದ ನೋಟ್‌ಬುಕ್

ನಮ್ಮ ಹಾಸನಾಂಬೆಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎಂಬುದು ನಮ್ಮ ಕಡೆಯವರ ನಂಬಿಕೆ. ಹಾರ್ಡ್‌ಡಿಸ್ಕಿನ ಮೇಲೂ ನಾವು ಅಂಥದೇ ನಂಬಿಕೆ ಇಟ್ಟಿರುತ್ತೇವೆ: ಒಮ್ಮೆ ಹಾಕಿಟ್ಟರೆ ಆಯಿತು, ಎಂದು ತೆರೆದರೂ ಹಾಗೇ ಇರುತ್ತದೆ ಎಂದು. ದೇವಿಯ ಮಾತು ಬೇರೆ, ಡಿಸ್ಕಿನ ಮಾತು ಬೇರೆ.

ಅಮೆರಿಕದ ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ. ಬೇಕಾದ ಫೈಲಿನ 3 ಪ್ರತಿ ಇರಲಿ, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ ಇರಲಿ, 1 ಪ್ರತಿಯಾದರೂ ಬೇರೆ ಜಾಗದಲ್ಲಿ ಇರಲಿ. ಇದನ್ನು ಹೇಳಿದವರು ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಒಬ್ಬ ಫೋಟೊಗ್ರಾಫರ್ ಎಂದಾಗ ಚಿಕ್ಕಪ್ಪನ ಮುಖ ಅರಳಿತು.

ಈಗ ಸ್ಟುಡಿಯೊದಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದೆ. ಪ್ರತಿ ಶನಿವಾರ ಅದಕ್ಕೆ ನಕಲು ಮಾಡಿ, ಹ್ಯಾಶ್ ಹೋಲಿಸಿ ನೋಡಿ, ಅದನ್ನು ಮನೆಗೆ ಒಯ್ದು ಬೀರುವಿನಲ್ಲಿ ಇಡುತ್ತಾರೆ. ಮದುವೆ ಫೋಟೊಗಳನ್ನು ಆನ್‌ಲೈನಿಗೂ ಹಾಕಿಡುತ್ತೇವೆ. ಆಲ್ಬಮ್ ಕೈಗೆ ಕೊಡುವ ತನಕ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಅದಕ್ಕೆಂದೇ ಎರಡು ಹೊಸ ಕಾರ್ಡ್ ಬಂದಿವೆ. ಜೆರಾಕ್ಸ್ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿಕ್ಕಪ್ಪ ಪ್ರತಿ ಶನಿವಾರದ ತಾರೀಖು ಬರೆದು ‘ಆಯ್ತು’ ಎಂದು ಗುರುತು ಹಾಕುತ್ತಾರೆ. ಕಳೆದ ವಾರ ಹೋದಾಗ ನೋಡಿದೆ, ಒಂದು ಶನಿವಾರವೂ ತಪ್ಪಿಲ್ಲ.

ನನ್ನ ಲ್ಯಾಪ್‌ಟಾಪಿನ ಬ್ಯಾಕಪ್ ಯಾವಾಗ ಮಾಡಿದೆ ಎಂದು ಅವರು ಕೇಳಿದರು. ಅವತ್ತು ರಾತ್ರಿಯೇ ಮಾಡಿದೆ.